ಜಾವಾದ ಉಪ್ಪುಕಾಗದ

ಕೃಷ್ಣರಾಜಪುರದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಆದಿನಾರಾಯಣರು ಬಚ್ಚಲುಮನೆಯ ಬಾಗಿಲಿಗೆಂದು ಉಪ್ಪುಕಾಗದ ಕೊಂಡ ದಿನವನ್ನು ಬಿಟ್ಟು ಬರೆಯುವಂತಿಲ್ಲ. ಕೆರೆ ಕಟ್ಟಿಸಿದವರು, ರೈಲು ತಂದವರು, ಮೇಲ್ಸೇತುವೆ ಎಬ್ಬಿಸಿ ವಾಹನಗಳು ಅದರ ಮೇಲೂ ನಿಂತೇ ಇರುವಂತೆ ಏರ್ಪಾಡು ಮಾಡಿದವರು, ಇವರೆಲ್ಲರ ಸಾಲಿನಲ್ಲಿ ಆ ಕಾಗದಕ್ಕೂ ಒಂದು ಜಾಗ ಸಲ್ಲಬೇಕು. ಯಾಕೆಂದರೆ ಕನ್ನಡವು ಸಮುದ್ರ ದಾಟಿ ಜಾವಾ ದ್ವೀಪಕ್ಕೆ ಹೋಯಿತೋ ಇಲ್ಲವೋ ಎಂಬ ಪ್ರಶ್ನೆ ಎದ್ದದ್ದೂ ಇತ್ಯರ್ಥವಾದದ್ದೂ ಅದರಿಂದಲೇ.

ಆಗಸ್ಟಿನ ಮಳೆಗೆ ಬಾಗಿಲು ಉಬ್ಬಿ ಚೌಕಟ್ಟನ್ನು ಕಚ್ಚಿಕೊಂಡಿತ್ತು. ಹೆಂಡತಿ ಶಾಂತಕುಮಾರಿ ಮೂರು ಸಲ ಬಾಯಲ್ಲಿ ಹೇಳಿದರು. ನಾಲ್ಕನೇ ಸಲ ಬಾಗಿಲನ್ನೇ ಎಳೆದು ಅದರ ಕಿರುಚಾಟ ಕೇಳಿಸಿದರು. ಕೆ.ಆರ್. ಪುರದಲ್ಲಿ ಮಾರುವ ಯಾವ ವಸ್ತುವೂ ಅಸಲಿಯಲ್ಲ ಎಂಬುದು ಆದಿನಾರಾಯಣರ ನಂಬಿಕೆಯಾದ್ದರಿಂದ ಅವರು ಶಿವಾಜಿನಗರಕ್ಕೆ ಹೋದರು. ಅಲ್ಲಿನ ಹಾರ್ಡ್‌ವೇರ್ ಅಂಗಡಿಯವನು, ಇದು ಇಂಡೋನೇಷ್ಯಾದ ಮಾಲು, ಒಮ್ಮೆ ಉಜ್ಜಿದರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಗಿಲು ಕಚ್ಚುವುದಿಲ್ಲ ಎಂದು ಎರಡು ಪ್ಯಾಕೆಟ್ ಇಟ್ಟ. ಒಂದರ ಮೇಲೆ ಎಂಬತ್ತನೇ ನಂಬರು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ 'ಕಸರ್'. ಇನ್ನೊಂದರ ಮೇಲೆ ನಾನೂರು, 'ಹಾಲುಸ್'. ಕಸರ್ ಅಂದರೆ ತರಿತರಿ, ಹಾಲುಸ್ ಅಂದರೆ ನೈಸು ಎಂದು ಅಂಗಡಿಯವನೇ ಅರ್ಥವನ್ನೂ ಹೇಳಿದ.

ಬೇರೆ ಯಾರೇ ಆಗಿದ್ದರೂ ಮನೆಗೆ ಹೋಗಿ ಬಾಗಿಲು ಉಜ್ಜುತ್ತಿದ್ದರು. ಆದಿನಾರಾಯಣರಿಗೆ ಅದು ಸಾಧ್ಯವಾಗಲಿಲ್ಲ. ಹಳೇ ಮದ್ರಾಸ್ ರಸ್ತೆಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಅವರು ಮೂವತ್ತನಾಲ್ಕು ವರ್ಷ ಮಾಡಿದ್ದು ಒಂದೇ ಕೆಲಸ: ಒರಟು ಅಳೆಯುವುದು. ಲೇಥಿನಿಂದ, ಗ್ರೈಂಡರಿನಿಂದ ಬಂದ ಉಕ್ಕಿನ ತುಂಡಿನ ಮೇಲೆ ಬಲಗೈ ಹೆಬ್ಬೆರಳಿನ ಉಗುರನ್ನು ಎಳೆಯುವುದು, ಚರ್ಮದ ಡಬ್ಬಿಯಲ್ಲಿದ್ದ ಆರು ಮಾದರಿ ಪಟ್ಟಿಗಳ ಮೇಲೂ ಅದೇ ಉಗುರು ಎಳೆಯುವುದು, ಎರಡೂ ಒಂದೇ ಥರ ಮಾತಾಡಿದರೆ ಹಸಿರು ಬಣ್ಣ, ತಿದ್ದಬಹುದಾದರೆ ಹಳದಿ, ಗುಜರಿಗೆ ಹೋಗಬೇಕಾದರೆ ಕೆಂಪು. ಯಂತ್ರಗಳು ಬಂದ ಮೇಲೂ ಮೇಲಿನವರು ಅನುಮಾನ ಬಂದಾಗ ಆದಿನಾರಾಯಣರ ಉಗುರನ್ನೇ ಕರೆಸುತ್ತಿದ್ದರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಆ ಉಗುರನ್ನು ಅವರು ಇನ್ನೂ ಅಷ್ಟೇ ಉದ್ದಕ್ಕೆ ಕತ್ತರಿಸಿ ಇಟ್ಟುಕೊಂಡಿದ್ದರು. ನೆಂಟರ ಮನೆಗೆ ಹೋದರೆ ಊಟದ ಮೇಜಿನ ಮೇಲೆ ಅದು ತಾನಾಗಿಯೇ ಓಡಾಡುತ್ತಿತ್ತು.

ಕೈಗೆ ಒರಟು ಸಿಗದಂತಾದ ಮೇಲೆ ಅವರು ಬಾಯಲ್ಲಿ ಹುಡುಕತೊಡಗಿದರು. ಒಂದು ನೋಟುಪುಸ್ತಕದಲ್ಲಿ ಒರಟು, ತರಿ, ದೊರಗು, ಜಡ್ಡು, ಗಡಸು ಎಂದು ಶುರುವಾಗಿ ತಮಿಳಿನ ಸೊರಸೊರ, ತೆಲುಗಿನ ಗರುಕು, ದಖನಿಯ ಖುರ್ದರಾ ಎಂದು ಬೆಳೆದ ಪಟ್ಟಿ ನಲವತ್ತಕ್ಕೆ ಬಂದು ನಿಂತಿತ್ತು. ಕಸರ್ ನಲವತ್ತೊಂದನೆಯದು. ಶಿವಾಜಿನಗರದಿಂದ ಬರುವ ಬಸ್ಸಿನಲ್ಲಿ ಅದನ್ನು ಬರೆದುಕೊಳ್ಳುತ್ತಿದ್ದಾಗ, ಹಲಸೂರು ಕೆರೆ ಬರುವ ಹೊತ್ತಿಗೆ, ಅವರಿಗೆ ಹೊಳೆಯಿತು. ಕಸ. ಅರ. ಅರ ಎಂದರೆ ಫಿಟ್ಟರುಗಳು ಲೋಹ ಉಜ್ಜುವ ಹತಾರ. ಅರದಿಂದ ಉಜ್ಜಿದಾಗ ಉದುರುವ ಕಸವೇ ಕಸರ. ನಮ್ಮ ಕರಾವಳಿಯ ವ್ಯಾಪಾರಿಗಳು ಹಡಗಿನಲ್ಲಿ ಅರಗಳನ್ನು ಒಯ್ದಿರಬೇಕು, ಅರದ ಹಿಂದೆ ಮಾತೂ ಹೋಗಿರಬೇಕು. ಇಂದಿರಾನಗರ ದಾಟುವಾಗ 'ಇರಬೇಕು' ಇದ್ದದ್ದು ಬೆನ್ನಿಗಾನಹಳ್ಳಿಯ ಹತ್ತಿರ 'ಇದೆ' ಆಯಿತು.

ಬಾಗಿಲು ಉಜ್ಜಲಿಲ್ಲ. ಸಾಕ್ಷ್ಯವನ್ನು ಉಜ್ಜಿ ಸವೆಸುವಂತಿಲ್ಲವಲ್ಲ. ಎರಡೂ ಪ್ಯಾಕೆಟ್ಟುಗಳು ಪ್ಲಾಸ್ಟಿಕ್ ಕವರಿನೊಳಗೆ ಬೀರು ಸೇರಿದವು.

ಇಷ್ಟಕ್ಕೆ ನಿಂತಿದ್ದರೆ ಅದು ಗಂಡಹೆಂಡಿರ ವಿಷಯವಾಗಿ ಉಳಿಯುತ್ತಿತ್ತು. ಆದರೆ ಕೆ.ಆರ್. ಪುರದ ಹೊಯ್ಸಳ ನುಡಿಸೇವಾ ಯುವಕರ ಸಂಘದ ಕಾರ್ಯದರ್ಶಿ ದುರ್ಗೇಶನಿಗೆ ಆ ವರ್ಷದ ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಕಡಿಮೆ ಬಿದ್ದಿತ್ತು. ದುರ್ಗೇಶ ಮಾರುಕಟ್ಟೆಯ ಹತ್ತಿರ ಫ್ಲೆಕ್ಸ್ ಮುದ್ರಿಸುವವನು. ಸಂಘದ ಯುವಕರಲ್ಲಿ ಅತಿ ಕಿರಿಯ, ನಲವತ್ತೊಂಬತ್ತು. ಕಾರ್ಯಕಾರಿ ಸಮಿತಿಯ ಹನ್ನೊಂದು ಮಂದಿಯಲ್ಲಿ ಆರು ಮಂದಿ ಮನೆಯಲ್ಲಿ ತೆಲುಗು ಆಡುತ್ತಿದ್ದರು, ಮೂವರು ತಮಿಳು, ಒಬ್ಬರು ಮರಾಠಿ. ಹನ್ನೊಂದನೆಯವರು ನಿವೃತ್ತ ಪೋಸ್ಟ್‌ಮಾಸ್ಟರ್ ಬೈಲಪ್ಪ, ಅಪ್ಪಟ ಕನ್ನಡದವರು. ಅವರು ಸಭೆಗಳಿಗೆ ಬರುವುದು ಕಡಿಮೆ. ಕನ್ನಡದ ಬಗ್ಗೆ ಸಂಘಕ್ಕಿದ್ದ ಶ್ರದ್ಧೆಯಲ್ಲಿ ಮಾತ್ರ ಒಂದಿಷ್ಟೂ ಕೊರತೆಯಿರಲಿಲ್ಲ. ತಾನಾಗಿ ಬಂದದ್ದಕ್ಕಿಂತ ತಾನು ಆರಿಸಿಕೊಂಡದ್ದರ ಮೇಲೆ ಮನುಷ್ಯನಿಗೆ ಹಠ ಜಾಸ್ತಿ.

ಆದಿನಾರಾಯಣರ ಮನೆಮಾತೂ ತೆಲುಗು. ಕನ್ನಡ ಅವರಿಗೆ ಸರ್ಕಾರಿ ಶಾಲೆಯಲ್ಲಿ ಸಿಕ್ಕದ್ದು, ಸಿಕ್ಕ ದಿನದಿಂದ ಕೈಬಿಟ್ಟದ್ದಲ್ಲ. ಕಾರ್ಖಾನೆಯ ಕನ್ನಡ ನಾಟಕಗಳಲ್ಲಿ ಇಪ್ಪತ್ತು ವರ್ಷ ತೆರೆಯ ಹಿಂದೆ ನಿಂತು ಮಾತು ಒದಗಿಸಿದವರು ಅವರೇ. ತೆರೆಯ ಮುಂದೆ ಅವರನ್ನು ಯಾರೂ ಕರೆದಿರಲಿಲ್ಲ. ಒಮ್ಮೆ ನಿರ್ದೇಶಕರು, ನಿಮ್ಮ ಳಕಾರ ಚೆನ್ನಾಗಿದೆ, ಆದರೂ ಜನ ಕಂಡುಹಿಡಿದುಬಿಡುತ್ತಾರೆ ಎಂದಿದ್ದರು. ಅದಾಗಿ ಮೂವತ್ತೊಂದು ವರ್ಷವಾಗಿತ್ತು. ಮರೆತಿದ್ದೇನೆ ಎಂದು ಅವರು ಆಗಾಗ ಹೇಳಿಕೊಳ್ಳುತ್ತಿದ್ದರು.

ಆದಿನಾರಾಯಣರು ಕಸರ್ ಬಗ್ಗೆ ಬರೆದುಕೊಟ್ಟ ಮೂರು ಪುಟದ ಲೇಖನ ಓದಿದ ದುರ್ಗೇಶ ಮಾರನೆಯ ಬೆಳಿಗ್ಗೆಯೇ ಮನೆಗೆ ಬಂದ. ಸಮಿತಿ ಒಮ್ಮತದಿಂದ ತೀರ್ಮಾನಿಸಿತ್ತು: ನವೆಂಬರ್ ಮೂರನೇ ಭಾನುವಾರ, ಸಮುದಾಯ ಭವನದಲ್ಲಿ, 'ನುಡಿ ಸಂಶೋಧಕ' ಆದಿನಾರಾಯಣರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ. ಪೇಟದವನಿಗೆ ಅಳತೆ ಬೇಕೆಂದು ಅವನು ದಾರ ಹಿಡಿದು ತಲೆಯ ಸುತ್ತಳತೆ ತೆಗೆದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಶಾಂತಕುಮಾರಿ, ಸ್ವಲ್ಪ ಜಾಸ್ತೀನೇ ಬಿಟ್ಟು ತಗೊಳ್ಳಪ್ಪ, ಭಾನುವಾರದ ಹೊತ್ತಿಗೆ ಇನ್ನೂ ದೊಡ್ಡದಾಗಿರುತ್ತೆ ಎಂದರು.

ಸಮಾರಂಭಕ್ಕೆ ಆರು ದಿನವಿರುವಾಗ ಆದಿನಾರಾಯಣರು ಫ್ರೇಜರ್ ಟೌನಿಗೆ ಹೋದದ್ದು ಒಂದು ಸಣ್ಣ ದುರಾಸೆಯಿಂದ. ಅಲ್ಲಿದ್ದ ಮುನೀರ್ ಅವರ ಕಾರ್ಖಾನೆಯ ದಿನಗಳ ಗೆಳೆಯರು. ಗೆಳೆಯ ಎಂಬುದು ನಿವೃತ್ತಿಯ ನಂತರದ ಮಾತು. ಅದಕ್ಕೆ ಮೊದಲು ಮುನೀರ್ ಗ್ರೈಂಡಿಂಗ್ ಮೆಷಿನ್ನಿನ ಮೇಲೆ, ಆದಿನಾರಾಯಣರು ತಪಾಸಣೆಯ ಮೇಜಿನ ಹಿಂದೆ. ಇಪ್ಪತ್ತೆರಡು ವರ್ಷ ಮುನೀರರ ತುಂಡುಗಳಿಗೆ ಕೆಂಪು ಬಳಿದವರು ಇವರು. ಆ ದಿನಗಳಲ್ಲಿ ಇವರ ನಾಲಿಗೆಗೆ ನಾನೂರನೇ ನಂಬರು ಗೊತ್ತೇ ಇರಲಿಲ್ಲ. ಇದೇನು ಕೈಯೋ ಕುರಿಯ ಗೊರಸೋ ಎಂದು ಇಡೀ ಶಾಪಿನ ಮುಂದೆ ಕೇಳಿದ್ದೂ ಉಂಟು. ಈಗ ಮುನೀರರ ಮಗಳು ನಾಜಿಶ್ ಬಂದಿದ್ದಳು. ಗಂಡನ ಬಟ್ಟೆ ವ್ಯಾಪಾರದ ಜೊತೆ ಒಂಬತ್ತು ವರ್ಷ ಜಾವಾದ ಸುರಬಾಯಾ ನಗರದಲ್ಲಿದ್ದು, ಅಲ್ಲಿ ಶಾಲೆಯಲ್ಲಿ ಪಾಠ ಹೇಳಿ, ಆ ಭಾಷೆಯನ್ನು ಅಲ್ಲಿನವರಂತೆ ಆಡುವವಳು. ಅವಳು ಲೇಖನ ನೋಡಿ ಒಂದು ಒಳ್ಳೆಯ ಮಾತು ಹೇಳಿದರೆ ಅದನ್ನು ವೇದಿಕೆಯಲ್ಲಿ ಹೇಳಿಕೊಳ್ಳಬಹುದು. ಅಷ್ಟೇ ಉದ್ದೇಶ.

ನಾಜಿಶ್ ಚಹಾ ಕೊಟ್ಟು, ಲೇಖನದ ಅಚ್ಚಿನ ಕರಡನ್ನು ಎರಡು ಸಲ ಓದಿದಳು. ಕನ್ನಡ ಮಾಧ್ಯಮದ ಹುಡುಗಿ. ಮೊದಲ ಎರಡು ಪುಟ ಚೆನ್ನಾಗಿದೆ ಎಂದಳು. ಅರ್ಥಗಳನ್ನು ಇನ್ನೂ ಸೇರಿಸಬಹುದಿತ್ತಂತೆ. ಅಲ್ಲಿ ತರಿ ಹಿಟ್ಟು ಕಸರ್, ದೊರಗು ಬಟ್ಟೆ ಕಸರ್, ಸುಮಾರು ಅಂದಾಜಿನಲ್ಲಿ ಹೇಳಿದ ಲೆಕ್ಕವೂ ಕಸರ್. ಮೂಟೆ ಹೊರುವ, ಇಟ್ಟಿಗೆ ಎತ್ತುವ ಕೂಲಿಯವರ ಹೆಸರಿನ ಜೊತೆಗೂ ಆ ಪದವೇ.

"ಮನುಷ್ಯರಿಗೂ ಅಂತಾರೆ ಅಂಕಲ್," ಎಂದಳು. "ಮಾತು ಒರಟು ಇದ್ರೆ. ಜಾವಾದವ್ರು ಜೋರಾಗಿ ಮಾತಾಡಲ್ಲ. ನಮ್ಮ ನೀನು ನೀವು ಥರಾನೇ, ಆದ್ರೆ ಅಲ್ಲಿ ದೊಡ್ಡೋರ ಹತ್ರ ಮಾತಾಡೋವಾಗ ಪದಗಳೇ ಬದಲಾಗ್ತವೆ. ಬದಲಾಯಿಸ್ದೇ ಇದ್ರೆ ಕಸರ್. ಬೈಯೋದಲ್ಲ ಅದು. ಮೆತ್ತಗೆ ಹೇಳ್ತಾರೆ, ಆಮೇಲೆ ಕರೆಯೋದು ಬಿಟ್ಬಿಡ್ತಾರೆ."

ಮುನೀರ್ ಚಹಾದ ಕಪ್ಪಿನೊಳಗೆ ನೋಡುತ್ತ, ನಮ್ಮ ಇನ್‌ಸ್ಪೆಕ್ಷನ್ನಿನಲ್ಲಿ ಅಂಥವರು ಒಬ್ಬರಿದ್ದರು, ಕರೆಯದಿದ್ದರೂ ಬರುತ್ತಿದ್ದರು ಎಂದರು.

ಆದಿನಾರಾಯಣರು ಅದನ್ನು ಕೇಳಿಸಿಕೊಳ್ಳಲಿಲ್ಲ. ಮೂರನೇ ಪುಟದ ಬಗ್ಗೆ ಕೇಳಿದರು. ಮೂಲದ ಬಗ್ಗೆ.

ನಾಜಿಶ್ ಪುಟವನ್ನು ಮೇಜಿನ ಮೇಲೆ ಇಟ್ಟಳು. ಸುರಬಾಯಾದಲ್ಲಿ ತನ್ನ ಜೊತೆಗಿದ್ದ ಭಾಷಾ ಶಿಕ್ಷಕಿಯನ್ನು ಬೇಕಾದರೆ ಕೇಳುತ್ತೇನೆ, ಆದರೆ ತನಗೆ ತಿಳಿದಂತೆ ಅದು ಮಲಯ್ ಭಾಷೆಯಿಂದ ಬಂದದ್ದು. ಜಾವಾದವರದ್ದರಲ್ಲೂ ಅದೇ, ಅವರ ಪಕ್ಕದ ಸುಂದಾದವರದ್ದರಲ್ಲೂ ಅದೇ, ಒಡಹುಟ್ಟಿದ ಭಾಷೆಗಳ ಮನೆಯ ಪದ. ಅದರ ಹಿಂದೆ ಏನಿತ್ತೋ ಅವಳಿಗೆ ಗೊತ್ತಿಲ್ಲ. ನಮ್ಮ ಕಡೆಯಿಂದ ಹೋದ ಪದಗಳು ಅಲ್ಲಿ ಬೇಕಾದಷ್ಟಿವೆ: ಗುರು ಅಲ್ಲೂ ಗುರು, ಭಾಷೆ ಬಹಾಸಾ, ಗಂಡ ಸುಆಮಿ, ಹೆಂಡತಿ ಇಸ್ತ್ರಿ. ಸಂಸ್ಕೃತದವು. ಅಂಗಡಿಗೆ ಕೆಡಾಯ್, ಹಡಗಿಗೆ ಕಪಾಲ್. ಅವು ತಮಿಳಿನವು. ಕಸರ್ ಮಾತ್ರ ಆ ಸಾಲಿನದ್ದಲ್ಲ.

ಆದಿನಾರಾಯಣರು ಸದ್ದು ಒಂದೇ ಇದೆಯಲ್ಲ ಎಂದರು. ಧ್ವನಿ ಏರಿತ್ತು.

"ನಮ್ಮ ಉರ್ದೂನಲ್ಲೂ ಕಸರ್ ಇದೆ," ಎಂದರು ಮುನೀರ್. "ಕಮ್ಮಿ ಬಿದ್ದಿದ್ದಕ್ಕೆ ಕಸರ್ ಅಂತೀವಿ. ಅರಬ್ಬೀದು. ಸದ್ದು ಒಂದೇ ಇದೆ ಅಂತ ನಾನು ಹೋಗಿ ಜಾವಾ ನಂದೂ ಅನ್ಲಾ ಸಾಬ್?"

ಅದಕ್ಕಿಂತ ಕೆಟ್ಟದ್ದನ್ನು ನಾಜಿಶ್ ಬಹಳ ಮೃದುವಾಗಿ ಕೇಳಿದಳು. "ಕಸರ ಅಂತ ಕನ್ನಡದಲ್ಲಿ ಈ ಅರ್ಥಕ್ಕೆ ಯಾವ ನಿಘಂಟಲ್ಲಿ ಸಿಕ್ತು ಅಂಕಲ್?"

ಸಿಕ್ಕಿರಲಿಲ್ಲ. ಆಗಸ್ಟಿನಲ್ಲೇ ಗ್ರಂಥಾಲಯದಲ್ಲಿ ಕೂತು ಕೈಗೆ ಸಿಕ್ಕ ಎಲ್ಲ ದಪ್ಪ ನಿಘಂಟುಗಳನ್ನೂ ತಿರುವಿದ್ದರು. ಕಸ ಇತ್ತು, ಅರ ಇತ್ತು. ಅರದ ಕಸ ಎಂಬರ್ಥದ ಕಸರ ಎಲ್ಲೂ ಇರಲಿಲ್ಲ. ಇರಲಿಲ್ಲ ಎಂಬುದು ಅವರಿಗೆ ಗೊತ್ತಿತ್ತು, ಗೊತ್ತಿದ್ದೇ 'ಇಂದಿಗೆ ಬಳಕೆ ತಪ್ಪಿದೆ' ಎಂದು ಒಂದು ವಾಕ್ಯ ಹಾಕಿದ್ದರು. ಮೂವತ್ತನಾಲ್ಕು ವರ್ಷದಲ್ಲಿ ಉಗುರು ಎಳೆಯದೆ ಒಂದು ತಿರುಪನ್ನೂ ಪಾಸು ಮಾಡದ ಮನುಷ್ಯ.

ಆ ಸಂಜೆ ಅವರು ಹಲಸೂರಿನಲ್ಲಿ ಮೆಟ್ರೋ ಹತ್ತಿ, ಕಾರಣವಿಲ್ಲದೆ ಇಂದಿರಾನಗರದಲ್ಲಿ ಇಳಿದರು. ಬೆಂಚಿನ ಮೇಲೆ ಕೂತರು. ಎರಡು ರೈಲು ಬಿಟ್ಟು ಮೂರನೆಯದು ಹತ್ತಿದರು. ರೈಲಿನ ಉಕ್ಕಿನ ಕಂಬದ ಮೇಲೆ ಉಗುರು ಓಡಿತು, ಚೆನ್ನಾಗಿ ಪಾಲಿಶ್ ಆಗಿತ್ತು, ಹಸಿರು. ಅದರಿಂದ ಯಾವ ಸಮಾಧಾನವೂ ಆಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸು ಇನ್ನೊಂದು ಕಂಬಕ್ಕೆ ಹೋದಳು.

ಮರುದಿನ ಅವರು ದುರ್ಗೇಶನ ಅಂಗಡಿಗೆ ಮೂರು ಸಲ ಹೋದರು. ಮೊದಲ ಸಲ ಸಂಚಿಕೆ ಅಚ್ಚಾಗಿದೆಯೇ ಎಂದು ಕೇಳಿದರು. ಆಗಿತ್ತು, ಐನೂರು ಪ್ರತಿ. ಎರಡನೇ ಸಲ ಏನೂ ಕೇಳದೆ, ಒಣಗುತ್ತಿದ್ದ ಫ್ಲೆಕ್ಸಿನಲ್ಲಿ ತಮ್ಮದೇ ಮುಖವನ್ನೂ ಅದರ ಕೆಳಗೆ 'ಜಾವಾ ದ್ವೀಪದಲ್ಲಿ ಕನ್ನಡದ ಕಹಳೆ' ಎಂಬ ಸಾಲನ್ನೂ ನೋಡಿ ಬಂದರು. ಮೂರನೇ ಸಲ ವಿಷಯ ಹೇಳಿದರು.

ದುರ್ಗೇಶ ಇನ್ಯಾವುದೋ ಹುಟ್ಟುಹಬ್ಬದ ಬ್ಯಾನರ್ ಕತ್ತರಿಸುತ್ತಲೇ ಕೇಳಿಸಿಕೊಂಡ.

"ಸರ್, ಇಂಡೋನೇಷ್ಯಾದವ್ರು ಕೆ.ಆರ್. ಪುರಕ್ಕೆ ಬಂದು ಕೇಳ್ತಾರಾ?" ಎಂದ. "ಹೋದ ವರ್ಷ ಬೈಲಪ್ಪನೋರು ಥೇಮ್ಸ್ ನದಿ ಹೆಸ್ರು ನಮ್ಮ ತೇವದಿಂದ ಬಂತು ಅಂದ್ರು. ಒಂದು ಗಂಟೆ ಮಾತಾಡಿದ್ರು. ಯಾರಾದ್ರೂ ಎದ್ದು ಹೋದ್ರಾ? ಊಟ ಆದ್ಮೇಲೆ ಹೋದ್ರು. ಸುಮ್ನಿರಿ ಸರ್, ಇದು ಸಂತೋಷದ ವಿಷಯ."

ಆದಿನಾರಾಯಣರು ತಮಿಳು ಪದಗಳು ನಿಜವಾಗಿಯೂ ಹೋಗಿವೆಯಂತೆ, ಬೇಕಾದರೆ ಅದರ ಬಗ್ಗೆ ಮಾತಾಡುತ್ತೇನೆ ಎಂದರು. ದುರ್ಗೇಶ ಕತ್ತರಿ ಕೆಳಗಿಟ್ಟ. ರಾಜ್ಯೋತ್ಸವದಲ್ಲೇ, ಎಂದು ಮಾತ್ರ ಕೇಳಿದ. ಅವನ ಹೆಂಡತಿ ತಮಿಳಿನವಳು, ಅದರ ಬಗ್ಗೆ ಅವನಿಗೆ ಏನೂ ತಕರಾರಿರಲಿಲ್ಲ. ಸ್ಥಳ, ಸಂದರ್ಭ ಎಂದು ಒಂದಿರುತ್ತದೆ.

ಮುಂದಿನ ಮೂರು ದಿನ ಮನೆಯಲ್ಲಿ ಯಾವ ವಸ್ತುವೂ ಇದ್ದಲ್ಲಿ ಇರಲಿಲ್ಲ. ಆದಿನಾರಾಯಣರು ಕನ್ನಡಕ ಹುಡುಕುತ್ತ ಪೇಪರ್ ಕಳೆದರು, ಪೇಪರ್ ಹುಡುಕುತ್ತ ಹಾಲು ಉಕ್ಕಿಸಿದರು. ಹಾಲು ಉಕ್ಕಿದ್ದಕ್ಕೆ ಶಾಂತಕುಮಾರಿಯನ್ನೇ ಗದರಿದರು. ಗದರಿದ ಸದ್ದು ಅವರ ಕಿವಿಗೇ ಹೊಸದಾಗಿ ಕೇಳಿಸಿತು. ನಲವತ್ತು ವರ್ಷದಿಂದ ಇದೇ ಸದ್ದಾಗಿತ್ತೇ?

"ಆ ಪದದ ಅರ್ಥ ಹುಡ್ಕೋಕೆ ಫ್ರೇಜರ್ ಟೌನಿಗೆ ಯಾಕ್ರೀ ಹೋದ್ರಿ," ಎಂದರು ಶಾಂತಕುಮಾರಿ, ಒಲೆ ಒರೆಸುತ್ತ. "ನನ್ನ ಕೇಳಿದ್ರೆ ಉದಾಹರಣೆ ಸಮೇತ ಹೇಳ್ತಿದ್ದೆ."

ಅವರು ಕೂತರು. ಶನಿವಾರದ ಹೊತ್ತಿಗೆ ಸರಿಹೋಗುತ್ತೆ ಎಂದರು, ಹಾಲಿನ ಬಗ್ಗೆಯೋ ಏನೋ.

"ಪೇಟ ಬೇಕಾ ನಿಮಗೆ?"

ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಆದಿನಾರಾಯಣರು ಉಗುರು ನೋಡಿಕೊಂಡರು. "ಬೇಕು," ಎಂದರು. "ತುಂಬಾ ಬೇಕು."

"ಹಾಗಾದ್ರೆ ಬಾಯಿ ಮುಚ್ಕೊಂಡು ಹಾಕಿಸ್ಕೊಳ್ಳಿ. ಇಲ್ಲಾಂದ್ರೆ ಬಾಯಿ ಬಿಟ್ಟು ಹೇಳಿ. ಎರಡೂ ಮಾಡ್ದೆ ಮನೇಲಿ ಹಾಲು ಉಕ್ಕಿಸ್ಬೇಡಿ."

ಶನಿವಾರ ಅವರು ಮುನೀರರಿಗೆ ಫೋನ್ ಮಾಡಿ, ನಾಳೆ ಸ್ವಲ್ಪ ಬೇಗ ಬಾ ಎಂದರು. ಎಷ್ಟು ಬೇಗ ಎಂದು ಮುನೀರ್ ಕೇಳಿದರು. ಕಾರ್ಯಕ್ರಮ ನಾಲ್ಕಕ್ಕೆ, ನೀನು ಎಂಟಕ್ಕೆ ಬಾ ಎಂದರು ಆದಿನಾರಾಯಣರು.

ಭಾನುವಾರ ಬೆಳಿಗ್ಗೆ ಸಮುದಾಯ ಭವನದಲ್ಲಿ ಕುರ್ಚಿಗಳನ್ನು ಇನ್ನೂ ಬಿಡಿಸಿರಲಿಲ್ಲ. ವೇದಿಕೆಯ ಮೂಲೆಯಲ್ಲಿ ಭುವನೇಶ್ವರಿಯ ಪಟ, ಅದರ ಮುಂದೆ ದೀಪ, ಪೂಜೆಗೆಂದು ಕಲಸಿಟ್ಟ ಅರಿಶಿನದ ಬಟ್ಟಲು. ಗೋಡೆಯ ಪಕ್ಕ ಸಂಚಿಕೆಯ ಹತ್ತು ಕಟ್ಟುಗಳು. ಕಾವಲಿನವನು ಫ್ಲೆಕ್ಸಿನಲ್ಲಿದ್ದ ಮುಖವನ್ನು ಗುರುತಿಸಿ ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ. ಆದಿನಾರಾಯಣರು ನೆಲದ ಮೇಲೆ ಕೂತು ಮೊದಲ ಕಟ್ಟು ಬಿಚ್ಚಿ, ಲೇಖನದ ಕೊನೆಯ ಪುಟವಾದ ನಲವತ್ತಮೂರನೇ ಪುಟ ತೆಗೆದು, ಕೆಂಪು ಪೆನ್ಸಿಲ್ ಎತ್ತಿದರು.

"ರೂಲ್ ಮರ್ತ್ರಾ?" ಎಂದರು ಬಾಗಿಲಲ್ಲಿ ನಿಂತ ಮುನೀರ್.

ಮರೆತಿದ್ದರು. ಕಾರ್ಖಾನೆಯಲ್ಲಿ ಬೇರೆಲ್ಲ ನಿಯಮಗಳಿಗೆ ವಿನಾಯಿತಿಯಿತ್ತು, ಇದೊಂದಕ್ಕೆ ಇರಲಿಲ್ಲ: ತಾನು ಮಾಡಿದ ತುಂಡನ್ನು ತಾನೇ ಪಾಸು ಮಾಡುವಂತಿಲ್ಲ, ತಾನೇ ಗುಜರಿಗೂ ಹಾಕುವಂತಿಲ್ಲ. ಇನ್ನೊಬ್ಬರ ಉಗುರು ಬೇಕು, ಇನ್ನೊಬ್ಬರ ಸಹಿ ಬೇಕು. ಮಾಡಿದವನು ಪಕ್ಕದಲ್ಲಿ ನಿಂತಿರಬೇಕು, ಬಾಯಿ ಹಾಕಬಾರದು. ಪಾಸಾಗಿ ಹೋದ ಮಾಲು ಆಮೇಲೆ ತಪ್ಪೆಂದು ಗೊತ್ತಾದರೆ ಅದನ್ನು ವಾಪಸ್ ತರಿಸಿ, ಒಂದೊಂದು ತುಂಡಿಗೂ ಇದೇ ಕ್ರಮದಲ್ಲಿ ಗುರುತು ಹಾಕಬೇಕು.

ಮುನೀರ್ ಒಂದು ಕುರ್ಚಿ ಬಿಡಿಸಿಕೊಂಡು ಕೂತರು. ಜೇಬಿನಿಂದ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಲೇಖನವನ್ನು ಮೊದಲಿನಿಂದ ಓದಿದರು. ಆತುರವಿಲ್ಲ. ಇಪ್ಪತ್ತೆರಡು ವರ್ಷ ಕಾದವರಿಗೆ ಇಪ್ಪತ್ತು ನಿಮಿಷ ದೊಡ್ಡದಲ್ಲ. ಪ್ರತಿ ಸಾಲಿನ ಕೆಳಗೂ ಹೆಬ್ಬೆರಳಿನ ಉಗುರನ್ನು ಎಳೆಯುತ್ತ ಓದಿದರು. ಆದಿನಾರಾಯಣರು ಪಕ್ಕದಲ್ಲಿ ನಿಂತಿದ್ದರು. ಎರಡು ಕಡೆ ಬಾಯಿ ತೆರೆದರು, ಎರಡು ಸಲವೂ ಮುನೀರ್ ಕೈಯೆತ್ತಿದರು.

ಮೊದಲೆರಡು ಪುಟ ಮುಗಿದಾಗ ಮುನೀರ್ ತಲೆಯಾಡಿಸಿದರು. ನಲವತ್ತೊಂದು ಪದಗಳ ಪಟ್ಟಿಯಲ್ಲಿ ಖುರ್ದರಾ ಸರಿಯಾಗಿ ಬಂದಿದೆ, ತನ್ನ ತಾಯಿ ಹಾಗೆಯೇ ಹೇಳುತ್ತಿದ್ದಳು ಎಂದರು. ಮೂರನೇ ಪುಟದ ಕೊನೆಯ ಪ್ಯಾರಾ ಬಂದಾಗ ಉಗುರು ನಿಂತಿತು.

"ಪೂರ್ತಿ ಕೆಂಪು ಬೇಡ," ಎಂದರು. "ಅರ್ಥ ಎಲ್ಲಾ ಪಾಸ್. ಹುಟ್ಟು ಹೇಳಿರೋ ಈ ಒಂದು ಪ್ಯಾರಾ ಸ್ಕ್ರ್ಯಾಪ್. ಮಾಲು ರೀವರ್ಕ್."

"ಎಲ್ಲಾ ಹೋಗ್ಲಿ ಬಿಡು ಮುನೀರ್."

"ನಿಂತಿರೋರು ಮಾತಾಡೋ ಹಾಗಿಲ್ಲ. ಈ ಕುರ್ಚೀಲಿ ನೀವು ಇದ್ದಿದ್ರೆ ಪೂರ್ತಿ ಕೆಂಪು ಬಳೀತಿದ್ರಿ, ಜೊತೆಗೆ ನನ್ನ ಕೈ ಬಗ್ಗೆ ಎರಡು ಮಾತು. ನಾನು ಹಳದಿ ಹಾಕ್ತೀನಿ. ಹಳದಿ ಎಲ್ಲಿ?"

ಹಳದಿ ಪೆನ್ಸಿಲ್ ಇರಲಿಲ್ಲ. ಇದ್ದದ್ದು ಅರಿಶಿನದ ಬಟ್ಟಲು. ಆದಿನಾರಾಯಣರು ಭುವನೇಶ್ವರಿಗೆ ಒಂದು ನಮಸ್ಕಾರ ಹಾಕಿ ಅದನ್ನು ಎತ್ತಿಕೊಂಡು ಬಂದರು.

ಹಾಗೆ ಐನೂರು ಪ್ರತಿ. ಆದಿನಾರಾಯಣರು ಪುಟ ತೆರೆದು ಹಿಡಿಯುವುದು, ಮುನೀರ್ ಆ ಪ್ಯಾರಾದ ಮೇಲೆ ಕೆಂಪು ಗೀಟು ಎಳೆದು, ಅಂಚಿನಲ್ಲಿ ಅರಿಶಿನದ ಹೆಬ್ಬೆಟ್ಟೊತ್ತಿ, ಪಕ್ಕದಲ್ಲಿ ತಪ್ಪೇನೆಂದು ಬರೆದು, ಕೆಳಗೆ ಕಾರ್ಖಾನೆಯ ತಮ್ಮ ಹಳೆಯ ಟೋಕನ್ ನಂಬರು ಹಾಕುವುದು. ನೂರನೆಯದರ ಹೊತ್ತಿಗೆ ಇಬ್ಬರ ಸೊಂಟವೂ ಹಿಡಿಯಿತು. ಇನ್ನೂರನೆಯದರ ನಂತರ ಮುನೀರ್, ನಿಮ್ಮ ಈ ಕೆಲಸ ಇಷ್ಟು ಬೇಜಾರಿನದ್ದು ಅಂತ ಗೊತ್ತಿದ್ದರೆ ಆಗ ನಿಮಗೆ ಅಷ್ಟು ಶಾಪ ಹಾಕುತ್ತಿರಲಿಲ್ಲ ಎಂದರು. ಮುನ್ನೂರರ ಆಸುಪಾಸಿನಲ್ಲಿ ಆದಿನಾರಾಯಣರು, ಪುಟದಿಂದ ಕಣ್ಣೆತ್ತದೆ, ಕುರಿಯ ಗೊರಸು ಎಂದು ಒಮ್ಮೆ ಅಂದಿದ್ದೆ ಎಂದರು. ಮೂರು ಸಲ, ಎಂದರು ಮುನೀರ್. ಆದಿನಾರಾಯಣರು ಮುಂದಿನ ಪ್ರತಿಯನ್ನು ತೆರೆದು ಎರಡೂ ಕೈಯಲ್ಲಿ ಹಿಡಿದರು.

ಒಂದೂವರೆಗೆ ಬಂದ ದುರ್ಗೇಶ ಮೇಲಿದ್ದ ಪ್ರತಿಯನ್ನು ತೆರೆದು, ಕೆಂಪು ಹಳದಿ ನೋಡಿ, ಖುಷಿಪಟ್ಟ. ನಾಡಧ್ವಜದ ಬಣ್ಣ, ಒಳ್ಳೆ ಐಡಿಯಾ ಸರ್, ಎಲ್ಲಾದಕ್ಕೂ ಕೈಯಲ್ಲೇ ಹಾಕಿದ್ರಾ ಎಂದ. ಆಮೇಲೆ ಓದಿದ. ಗೀಟಿನ ಕೆಳಗಿನ ಅಕ್ಷರ ಕಾಣುತ್ತಲೇ ಇತ್ತು, ಅಂಚಿನಲ್ಲಿ 'ಮೂಲ ತಪ್ಪು, ವಾಪಸ್' ಎಂದಿತ್ತು. ಎರಡನೆಯ ಪ್ರತಿ ತೆರೆದ, ಮೂರನೆಯದು, ಕೊನೆಯ ಕಟ್ಟಿನ ಅಡಿಯಲ್ಲಿದ್ದದ್ದು.

"ಸರ್, ಫ್ಲೆಕ್ಸ್ ಹೊರಗಡೆ ಕಟ್ಟಾಗಿದೆ," ಎಂದ.

"ಗೊತ್ತು."

"ಶಾಸಕರ ಕಡೆಯೋರು ಬರ್ತಾರೆ."

"ಬರ್ಲಿ ದುರ್ಗೇಶಪ್ಪ. ಒರಟು ಅನ್ನೋದಕ್ಕೆ ನಲವತ್ತೊಂದು ಪದ ಸೇರ್ಸಿದೀನಿ. ಹನ್ನೆರಡು ಭಾಷೆ. ಅದು ನಿಜ. ಅದಕ್ಕೆ ಹಾಕೋದಾದ್ರೆ ಪೇಟ ಹಾಕಿ, ತಲೆ ಬಗ್ಗಿಸ್ತೀನಿ. ಜಾವಾಕ್ಕೆ ಬೇಡ."

ಅವರು ಇದನ್ನು ನಾನೂರನೇ ನಂಬರಿನ ದನಿಯಲ್ಲಿ ಹೇಳಿದರು. ಮುನೀರ್ ತಿರುಗಿ ನೋಡಿದರು. ದುರ್ಗೇಶನಿಗೂ ಅದರಿಂದ ಗಾಬರಿ ಹೆಚ್ಚಾಯಿತು. ಗದರಿದ್ದರೆ ಅವನು ಏನಾದರೂ ಉತ್ತರ ಕೊಡುತ್ತಿದ್ದ.

ಸಮಿತಿ ವೇದಿಕೆಯ ಹಿಂದೆ ತುರ್ತು ಸಭೆ ಸೇರಿತು. ಹನ್ನೊಂದರಲ್ಲಿ ಹತ್ತು ಮಂದಿ ತೆಲುಗು, ತಮಿಳುಗಳಲ್ಲಿ ಜೋರಾಗಿಯೇ ಚರ್ಚಿಸಿದರು. ಪ್ರಾಮಾಣಿಕತೆಗೆ ಸನ್ಮಾನ ಮಾಡೋಣ ಎಂದು ಒಬ್ಬರು ಹೇಳಿದ್ದು ಹೊರಗೆ ಕೇಳಿಸಿತು. ಹಾಗೆಂದು ಫ್ಲೆಕ್ಸ್ ಹಾಕುವುದು ಹೇಗೆ, ಕನ್ನಡ ಅಲ್ಲಿಗೆ ಹೋಗಲಿಲ್ಲ ಎಂಬ ಸಂಶೋಧನೆಗೆ ಎಂದು ಹಾಕಬೇಕಾ ಎಂದು ಇನ್ನೊಬ್ಬರು ಕೇಳಿದ್ದೂ ಕೇಳಿಸಿತು. ಎಂಟು ನಿಮಿಷದಲ್ಲಿ ಸಭೆ ಮುಗಿಯಿತು. ದುರ್ಗೇಶ ಹೊರಗೆ ಹೋಗಿ ಏಣಿ ಹತ್ತಿ ಫ್ಲೆಕ್ಸನ್ನು ಒಳಮುಖವಾಗಿ ತಿರುಗಿಸಿ ಕಟ್ಟಿದ.

ನಾಲ್ಕು ಗಂಟೆಗೆ ಆದಿನಾರಾಯಣರು ಮೂರನೇ ಸಾಲಿನಲ್ಲಿ ಕೂತರು. ಒಂದು ಪಕ್ಕ ಶಾಂತಕುಮಾರಿ, ರೇಷ್ಮೆ ಸೀರೆ ಉಟ್ಟುಕೊಂಡೇ ಬಂದಿದ್ದರು. ಇನ್ನೊಂದು ಪಕ್ಕ ಮುನೀರ್, ಹೆಬ್ಬೆರಳು ಹಳದಿ. ಉಗುರು ಕುರ್ಚಿಯ ಕೈಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಶಾಂತಕುಮಾರಿ ಅದರ ಮೇಲೆ ತಮ್ಮ ಕೈಯಿಟ್ಟು ನಿಲ್ಲಿಸಿದರು. ಸನ್ಮಾನ ಬೈಲಪ್ಪನವರಿಗೆ ನಡೆಯಿತು. ಅವರು ಥೇಮ್ಸ್ ನದಿಯ ಬಗ್ಗೆ ಒಂದು ಗಂಟೆ ಹತ್ತು ನಿಮಿಷ ಮಾತಾಡಿದರು. ಪೇಟ ಅವರಿಗೆ ಸಡಿಲವಾಗಿ, ಎರಡು ಸಲ ಕಣ್ಣಿನ ಮೇಲೆ ಬಂತು.

ಮರುದಿನ ಬೆಳಿಗ್ಗೆ ಆದಿನಾರಾಯಣರು ಬೀರುವಿನಿಂದ ಉಪ್ಪುಕಾಗದ ತೆಗೆದು ಬಚ್ಚಲುಮನೆಯ ಬಾಗಿಲು ಉಜ್ಜಿದರು. ಮೊದಲು ಎಂಬತ್ತು, ಆಮೇಲೆ ನಾನೂರು. ಬಾಗಿಲು ಈಗ ಮುಚ್ಚುತ್ತದೆ.